ಬಿಸುವಿಗೆ ಶುಂಠಿ ಬಿಯರ್: ಬಾಟ್ಲಿಯಾ, ಬ್ಯಾರೆಲ್ಲಾ?

ಪೆರ್ಲದ ತೋಟದವ · ಮಾರ್ಚ್ 14

ಈ ಸಲ ಬಿಸುವಿಗೆ, ಅಂದರೆ ಸೌರ ಯುಗಾದಿಗೆ, ನಮ್ಮ ಮೂಲಮನೆಯಲ್ಲಿ ಎಲ್ಲರೂ ಸೇರುವುದು ಅಂತ ಆಗಿದೆ. ಮಕ್ಕಳುಮರಿ ಎಲ್ಲ ಲೆಕ್ಕ ಹಿಡಿದರೆ 60 ಜನ. ಊಟದ್ದು ಅಡಿಗೆಯವರು ನೋಡಿಕೊಳ್ತಾರೆ, ಕುಡಿಯುವುದರ ಜವಾಬ್ದಾರಿ ನನಗೆ ಬಂದಿದೆ. ಪೇಟೆಯಿಂದ ದೊಡ್ಡ ಕೋಲಾ ಬಾಟ್ಲಿಗಳನ್ನು ತರುವುದು ಸುಲಭ, ಆದರೆ ಮುಚ್ಚಳ ತೆಗೆದು ಅರ್ಧ ಗಂಟೆಗೆ ಅದು ಬರೀ ಸಕ್ಕರೆ ನೀರು. ತೋಟದಲ್ಲಿ ನಮ್ಮದೇ ಶುಂಠಿ ಉಂಟು, ಲಿಂಬೆ ಉಂಟು. ಶುಂಠಿ ಬಿಯರ್ ಮನೆಯಲ್ಲೇ ಮಾಡುವ ಅಂತ ಮನಸ್ಸಾಗಿದೆ.

ಹೆಸರಿನಲ್ಲಿ ಬಿಯರ್ ಇದ್ದರೂ ಅಮಲಿನದ್ದು ಬೇಡ. ಅಜ್ಜಿಗೂ ಕೊಡ್ಲಿಕ್ಕಾಗಬೇಕು, ಐದನೇ ಕ್ಲಾಸಿನ ಮಕ್ಕಳಿಗೂ ಕೊಡ್ಲಿಕ್ಕಾಗಬೇಕು. ನೊರೆ ಮಾತ್ರ ಚೆನ್ನಾಗಿ ಬರಬೇಕು.

ಗುಜರಿಯವರ ಹತ್ತಿರ ಹಳೇ ಬಿಯರ್ ಬಾಟ್ಲಿ ಬೇಕಾದಷ್ಟು ಸಿಗ್ತದೆ, ತೊಳೆದು ಅದಕ್ಕೇ ತುಂಬಿಸಿ ಮುಚ್ಚಳ ಒತ್ತುವುದಾ? ಅಲ್ಲ ಒಂದು ಬ್ಯಾರೆಲ್ಲಿನಲ್ಲಿ ಮಾಡಿ ನಲ್ಲಿ ತಿರುಗಿಸಿ ಕೊಡುವುದಾ? ಮಾಡಿ ಗೊತ್ತಿದ್ದವರು ದಯವಿಟ್ಟು ಹೇಳಿ. ಇನ್ನೊಂದು ತಿಂಗಳು ಸಮಯ ಉಂಟು.

ನೀರ್ಚಾಲಿನ ಅಕ್ಕ · ಮಾರ್ಚ್ 14

ತಮ್ಮಾ, ನಾನು ಬೇಸಿಗೆಯಲ್ಲಿ ಮನೆಮಟ್ಟಿಗೆ ಮಾಡ್ತಾ ಇರ್ತೇನೆ. ಸಿಪ್ಪೆ ತೆಗೆಯದ ಶುಂಠಿಯನ್ನು ಸಣ್ಣಗೆ ಜಜ್ಜಿ, ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ, ಗ್ಲಾಸು ನೀರು ಹಾಕಿ ಬಟ್ಟೆ ಕಟ್ಟಿ ಇಡುವುದು. ದಿನಾ ಅಷ್ಟಷ್ಟೇ ಶುಂಠಿ, ಸಕ್ಕರೆ ಸೇರಿಸ್ತಾ ಹೋಗುವುದು. ಸಿಪ್ಪೆಯಲ್ಲೇ ಯೀಸ್ಟ್ ಇರ್ತದೆ, ಹಾಗಾಗಿ ಸಿಪ್ಪೆ ಬೇಕೇ ಬೇಕು. ನಮ್ಮ ಮಾರ್ಚಿನ ಸೆಕೆಗೆ ಮೂರ್ನಾಲ್ಕು ದಿನದಲ್ಲಿ ಗುಳ್ಳೆ ಏಳ್ತದೆ. ಆ ನೀರನ್ನು ಸೋಸಿ, ಶುಂಠಿ ಕಷಾಯ ಆರಿದ ಮೇಲೆ ಅದಕ್ಕೆ ಸೇರಿಸಿ, ಲಿಂಬೆ ಹಿಂಡಿ ಬಾಟ್ಲಿಗೆ ತುಂಬಿಸುವುದು.

ಆದರೆ ಗಾಜಿನ ಬಾಟ್ಲಿ ಮುಟ್ಟಬೇಡ. ಸೋಡಾ ಬರುವ ಪ್ಲಾಸ್ಟಿಕ್ ಬಾಟ್ಲಿಯೇ ಆಗಬೇಕು. ತುಂಬಿಸಿದ ಹೊತ್ತಿಗೆ ಹೆಬ್ಬೆರಳಿನಿಂದ ಒತ್ತಿದರೆ ಬಾಟ್ಲಿ ಒಳಗೆ ಹೋಗ್ತದೆ, ಟಕ್ ಅಂತ ಶಬ್ದವೂ ಬರ್ತದೆ. ಮರುದಿನ ಬೆಳಿಗ್ಗೆ ಒತ್ತಿದರೆ ಸ್ವಲ್ಪ ಬಿಗಿ. ಸಂಜೆಗೆ ಬೆರಳಿಗೆ ಜಗ್ಗುವುದೇ ಇಲ್ಲ, ಬುಡದ ಐದು ಕಾಲುಗಳೂ ಉಬ್ಬಿ ನಿಂತಿರ್ತವೆ. ಆ ಕ್ಷಣ ಫ್ರಿಜ್ಜಿಗೆ. ಇನ್ನೊಂದು ರಾತ್ರಿ ಹೊರಗೆ ಇಟ್ಟರೆ ಮುಚ್ಚಳ ತೆಗೆದಾಗ ಅರ್ಧ ಪಾಲು ಮಾಡಿಗೆ ಹೋಗ್ತದೆ.

60 ಜನಕ್ಕೆ ಬೇಕಾದಷ್ಟು ಬಾಟ್ಲಿ ಇಡ್ಲಿಕ್ಕೆ ನಿನ್ನ ಫ್ರಿಜ್ಜಿನಲ್ಲಿ ಜಾಗ ಉಂಟಾ? ಮೊದಲು ಅದನ್ನು ನೋಡು.

ಬದಿಯಡ್ಕ ಹುಡುಗ · ಮಾರ್ಚ್ 15

ಅಕ್ಕ, ಗಾಜು ಯಾಕೆ ಬೇಡ? ಬಿಯರ್ ಕಂಪೆನಿಯವರು ಗಾಜಿನ ಬಾಟ್ಲಿಯಲ್ಲೇ ಅಲ್ವಾ ಕೊಡುವುದು?

ಮುಳ್ಳೇರಿಯ–ಲೀಡ್ಸ್ · ಮಾರ್ಚ್ 15

ಹುಡುಗನ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು. ಇಡೀ ವಿಷಯದ ಕೀಲಿ ಇರುವುದೇ ಅಲ್ಲಿ.

ನಾನು ಕೆಲಸಕ್ಕೆಂದು ಇಂಗ್ಲೆಂಡಿಗೆ ಬಂದವ. ಇಲ್ಲಿ 1963ರಲ್ಲಿ ಮನೆಯಲ್ಲಿ ಬಿಯರ್ ಮಾಡ್ಲಿಕ್ಕೆ ಲೈಸೆನ್ಸ್ ಬೇಕೆಂಬ ಕಾನೂನನ್ನು ತೆಗೆದರು. ಈಗ ಯಾರೂ ತಮ್ಮ ಬಳಕೆಗೆ ಮಾಡಿಕೊಳ್ಳಬಹುದು, ಮಾರಬಾರದು ಅಷ್ಟೆ. ಕ್ರಿಸ್‌ಮಸ್ಸಿಗೆ ಬೇಕೆಂದರೆ ಅಕ್ಟೋಬರ್, ನವೆಂಬರಿನಲ್ಲೇ ಶುರು ಮಾಡ್ತಾರೆ, ಗಟ್ಟಿ ಬಿಯರ್ ಆದರೆ ಸೆಪ್ಟೆಂಬರಿಗೇ. ಬಾಟ್ಲಿಯಾ ಬ್ಯಾರೆಲ್ಲಾ ಎಂಬ ಚರ್ಚೆ ಇಲ್ಲಿಯೂ ಮುಗಿಯುವುದಿಲ್ಲ.

ಬಿಯರಿನಲ್ಲಿ ಆಗುವುದು ಹೀಗೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿನೀರನ್ನು ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಹಾಕ್ತಾರೆ. ಒಂದೆರಡು ವಾರದಲ್ಲಿ ಯೀಸ್ಟ್ ತನಗೆ ತಿನ್ನಲಿಕ್ಕಾಗುವ ಸಕ್ಕರೆಯನ್ನೆಲ್ಲ ತಿಂದು ಮುಗಿಸ್ತದೆ. ಮುಗಿದದ್ದು ಗೊತ್ತಾಗುವುದು ಹೈಡ್ರೋಮೀಟರಿನಲ್ಲಿ. ಹಾಲಿನ ಸೊಸೈಟಿಯಲ್ಲಿ ಲ್ಯಾಕ್ಟೋಮೀಟರ್ ಅದ್ದಿ ನೋಡ್ತಾರಲ್ಲ, ಅದೇ ಜಾತಿಯ ಉಪಕರಣ, ದ್ರವ ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ತೋರಿಸ್ತದೆ. ಶುರುವಿನಲ್ಲಿ 1.045 ತೋರಿಸಿದ್ದು 1.010ಕ್ಕೆ ಇಳಿದು, ಎರಡು ಮೂರು ದಿನ ಅಲ್ಲೇ ನಿಂತರೆ ಮುಗಿಯಿತು ಅಂತ ಅರ್ಥ. ಆಮೇಲೆ ಬಾಟ್ಲಿಗೆ ಹಾಕುವಾಗ ಗ್ಯಾಸಿಗೆ ಬೇಕಾದಷ್ಟೇ ಸಕ್ಕರೆಯನ್ನು ಹೊಸದಾಗಿ ಅಳೆದು ಸೇರಿಸುವುದು, ಲೀಟರಿಗೆ 6ರಿಂದ 7 ಗ್ರಾಂ. ಇಷ್ಟು ಸಕ್ಕರೆ ಪೂರ್ತಿ ಹುದುಗಿದರೂ, ಬಿಯರಿನಲ್ಲಿ ಮೊದಲೇ ಕರಗಿದ್ದ ಗ್ಯಾಸೂ ಸೇರಿ ಬಾಟ್ಲಿಯೊಳಗೆ ಬಿಯರಿನ ಎರಡೂವರೆ ಪಟ್ಟು ಗಾತ್ರದ ಗ್ಯಾಸ್ ಆಗ್ತದೆ, ಗಾಜು ಅದನ್ನು ತಡೀತದೆ.

ಶುಂಠಿ ಬಿಯರ್ ಹಾಗಲ್ಲ. ಅದು ಸಿಹಿ ಇರಬೇಕು. ಅಂದರೆ ಲೀಟರಿಗೆ 80, 100 ಗ್ರಾಂ ಸಕ್ಕರೆ ಬಾಟ್ಲಿಯೊಳಗೇ ಉಳಿದಿರ್ತದೆ, ಜೊತೆಗೆ ಜೀವಂತ ಯೀಸ್ಟ್ ಕೂಡ. ಅದು ಸಾಕು ಅಂತ ನಿಲ್ಲಿಸುವುದಿಲ್ಲ. 4 ಗ್ರಾಂ ಸಕ್ಕರೆ ಹುದುಗಿದರೆ ಒಂದು ಲೀಟರ್ ಗ್ಯಾಸ್, 100 ಗ್ರಾಂ ಪೂರ್ತಿ ಹುದುಗಿದರೆ 25 ಲೀಟರಿಗಿಂತ ಹೆಚ್ಚು. ಒಂದು ಲೀಟರ್ ಬಾಟ್ಲಿಯಲ್ಲಿ ಅಷ್ಟು ಗ್ಯಾಸ್! ಅದು ಬಾಟ್ಲಿ ಅಲ್ಲ, ಗರ್ನಾಲು. ಗುಜರಿಯಿಂದ ತಂದ, ಎಷ್ಟು ಸಲ ತೊಳೆದು ಎಷ್ಟು ಕಡೆ ಗೀರು ಬಿದ್ದದ್ದೆಂದು ಗೊತ್ತಿಲ್ಲದ ಗಾಜು, ಅದರ ಸುತ್ತ ಆಡುವ ಮಕ್ಕಳು. ತೋಟದಣ್ಣ, ಕೈ ಮುಗಿದು ಹೇಳ್ತೇನೆ, ಅದು ಮಾತ್ರ ಬೇಡ.

ತಣ್ಣಗಿದ್ದರೆ ಯೀಸ್ಟ್ ನಿಧಾನ ಆಗ್ತದೆ, ಹಾಗಾಗಿ ಅಕ್ಕ ಹೇಳಿದ ಕ್ರಮ ಸರಿ. ಆದರೆ ಪೂರ್ತಿ ಫ್ರಿಜ್ಜನ್ನೇ ನಂಬಿದ ಕ್ರಮ ಅದು. ಬಿಸುವಿನ ಹಿಂದಿನ ರಾತ್ರಿ ಮಳೆಗುಡುಗು ಬಂದು ಕರೆಂಟು ಹೋದರೆ?

ಪೆರ್ಲದ ತೋಟದವ · ಮಾರ್ಚ್ 15

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬ ಉಪಕಾರ ಆಯ್ತು. ಗಾಜಿನ ಯೋಚನೆ ಬಿಟ್ಟೆ. ಬ್ಯಾರೆಲ್ ಅಂದರೆ ಎಂಥದ್ದು? ನಮ್ಮಲ್ಲಿ ದೊಡ್ಡ ಭರಣಿ ಉಂಟು, ಮಾವಿನಮಿಡಿ ಹಾಕುವಂಥದ್ದು. ಹಲಸಿನ ಮರದಲ್ಲಿ ಪೀಪಾಯಿ ಮಾಡಿಸ್ಲಿಕ್ಕೆ ಆಚಾರಿಯವರೂ ಇದ್ದಾರೆ.

ಮುಳ್ಳೇರಿಯ–ಲೀಡ್ಸ್ · ಮಾರ್ಚ್ 15

ಭರಣಿಯಲ್ಲಿ ಹುದುಗು ಬರಿಸಬಹುದು, ಒತ್ತಡ ಹಿಡಿದಿಡ್ಲಿಕ್ಕೆ ಆಗುವುದಿಲ್ಲ. ಮುಚ್ಚಳ ಬಿಗಿ ಮಾಡಿ ಕಟ್ಟುವುದಂತೂ ಬೇಡ. ಮರದ ಪೀಪಾಯಿಗೆ ಯುರೋಪಿನಲ್ಲಿ ಓಕ್ ಮರವನ್ನೇ ಹಿಡಿದುಕೊಂಡದ್ದಕ್ಕೆ ಕಾರಣ ಉಂಟು. ಬಿಳಿ ಓಕಿನ ನೀರ್ನಾಳಗಳು ಒಳಗಿಂದಲೇ ಮುಚ್ಚಿಕೊಂಡಿರ್ತವೆ, ದ್ರವ ಸೋರುವುದಿಲ್ಲ. ಆದರೂ ಮರದ ಸಂದಿಯಲ್ಲಿ ಕೂತ ಸೂಕ್ಷ್ಮಜೀವಿಗಳನ್ನು ತೊಳೆದು ತೆಗೆಯುವುದು ಕಷ್ಟ. ಹಾಗಾಗಿ ಈಗ ಇಲ್ಲಿಯ ಪಬ್ಬುಗಳಲ್ಲಿಯೂ ಹೆಚ್ಚಾಗಿ ಸ್ಟೀಲಿನದ್ದೇ.

ಮನೆಯವರು ಬಳಸುವುದರಲ್ಲಿ ಎರಡು ತರ. ಒಂದು ಪ್ಲಾಸ್ಟಿಕ್ಕಿನ ಪ್ರೆಶರ್ ಬ್ಯಾರೆಲ್, ಕೆಳಗೆ ನಲ್ಲಿ, ಮೇಲೆ ಹೆಚ್ಚಿನ ಗ್ಯಾಸ್ ಬಿಡುವ ವಾಲ್ವ್. ಹೆಚ್ಚು ಒತ್ತಡ ತಡೆಯುವುದಿಲ್ಲ, ಆದ ಕಾರಣ ಬಾಟ್ಲಿಗೆ ಹಾಕುವ ಸಕ್ಕರೆಯ ಅರ್ಧವಷ್ಟೇ ಹಾಕುವುದು. ನೊರೆ ಮೆತ್ತಗೆ, ಇಂಗ್ಲಿಷ್ ಬಿಯರಿಗೆ ಅದೇ ಚಂದ. ನಿಮಗೆ ಬೇಕಾದ ಚುರುಕು ಅದರಲ್ಲಿ ಬರುವುದಿಲ್ಲ. ಇನ್ನೊಂದು ಕಾರ್ನಿ ಕೆಗ್, 19 ಲೀಟರಿನ ಉದ್ದನೆ ಸ್ಟೀಲ್ ಡಬ್ಬಿ. ಅದು ಹುಟ್ಟಿದ್ದು ಬಿಯರಿಗಲ್ಲ, ತಂಪು ಪಾನೀಯದ ಕಂಪೆನಿಗಳು ಹೋಟೆಲಿಗೆ ಸಿರಪ್ ಕಳಿಸ್ಲಿಕ್ಕೆ. ಆಮೇಲೆ ಮನೆ ಬಿಯರಿನವರು ಹಿಡಿದುಕೊಂಡರು.

60 ಜನಕ್ಕೆ 150 ಮಿಲಿಯ ಎರಡೆರಡು ಗ್ಲಾಸು ಅಂದರೆ ಸರಿಯಾಗಿ 18 ಲೀಟರ್. ನಿಮಗೋಸ್ಕರವೇ ಮಾಡಿದ ಹಾಗುಂಟು.

ಮಂಜೇಶ್ವರದ ಮೇಷ್ಟ್ರು · ಮಾರ್ಚ್ 16

ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಲೀಡ್ಸಿನಲ್ಲಿ ನ್ಯಾಯವಾದದ್ದು ಕಾಸರಗೋಡಿನಲ್ಲಿ ನ್ಯಾಯವಲ್ಲ. ಕೇರಳದ ಅಬ್ಕಾರಿ ಕಾಯ್ದೆ ಕೊಲ್ಲವರ್ಷ 1077ರದ್ದು, ಎಂದರೆ ಕ್ರಿ.ಶ. 1902ರದ್ದು. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅದರ ಪ್ರಕಾರ ಅಪರಾಧ. ಸ್ವಂತಕ್ಕೆ, ಹಬ್ಬಕ್ಕೆ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಕ್ರಿಸ್‌ಮಸ್ ವೈನ್ ಕೂಡ ಇದೇ ಸಾಲಿಗೆ ಬರುತ್ತದೆ. ಗಡಿ ದಾಟಿ ಕರ್ನಾಟಕಕ್ಕೆ ಹೋದರೂ ಅಲ್ಲಿ 1965ರ ಅಬಕಾರಿ ಕಾಯ್ದೆ ಇದೆ.

ಯೀಸ್ಟ್ ಇರುವಲ್ಲಿ ಗ್ಯಾಸ್ ಒಂದೇ ಹುಟ್ಟುವುದಿಲ್ಲ, ಅಷ್ಟೇ ತೂಕದ ಆಲ್ಕೋಹಾಲೂ ಹುಟ್ಟುತ್ತದೆ. ನಮ್ಮ ಸೆಕೆಯಲ್ಲಿ ಇದು ಎಷ್ಟು ವೇಗ ಎಂಬುದಕ್ಕೆ ಇಲ್ಲಿಯದೇ ಉದಾಹರಣೆ ಕೊಡುತ್ತೇನೆ. ತೆಂಗಿನ ಹೊಂಬಾಳೆಯ ರಸ ಮರದ ಮೇಲಿನ ಮಡಕೆಯಲ್ಲಿಯೇ ಹುಳಿಯಲು ತೊಡಗಿ ಕಳ್ಳಾಗುತ್ತದೆ. ಅದನ್ನು ತಡೆಯುವುದಕ್ಕಾಗಿಯೇ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯವರು ಮಂಜುಗಡ್ಡೆ ಇಟ್ಟು ರಸ ಸಂಗ್ರಹಿಸುವ ಪೆಟ್ಟಿಗೆಯನ್ನು ರೂಪಿಸಿದರು. ಹಾಗೆ ಸಿಕ್ಕಿದ ಸಿಹಿರಸವೇ ಕಲ್ಪರಸ. ತಂಪು ತಪ್ಪಿದರೆ ಕಲ್ಪರಸವಿಲ್ಲ.

ಮಕ್ಕಳಿಗೂ ಹಿರಿಯರಿಗೂ ಕೊಡುವುದಾದರೆ ಯೀಸ್ಟೇ ಇಲ್ಲದ ದಾರಿಯನ್ನು ಹುಡುಕಿ ಎಂದು ನನ್ನ ವಿನಂತಿ.

ಕುಂಬಳೆ ಸೋಡಾ · ಮಾರ್ಚ್ 16

ಮೇಷ್ಟ್ರು ಕೇಳಿದ ದಾರಿ ನಮ್ಮ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಉಂಟು. ಸೋಡಾಕ್ಕೆ ಯೀಸ್ಟ್ ಯಾಕೆ? ಸಿಲಿಂಡರಿನ ಗ್ಯಾಸೇ ಸಾಕು. ಗೋಲಿ ಸೋಡಾದ ಬಾಟ್ಲಿ 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಪೇಟೆಂಟ್ ಮಾಡಿದ್ದು. ಒಳಗಿನ ಗ್ಯಾಸೇ ಗೋಲಿಯನ್ನು ರಬ್ಬರಿನ ಬಳೆಗೆ ಒತ್ತಿ ಹಿಡೀತದೆ, ಬೇರೆ ಮುಚ್ಚಳ ಬೇಡ. ಅದು ಮೆಶಿನಿನಲ್ಲಿ ತಲೆಕೆಳಗೆ ತಿರುಗಿಸಿ ತುಂಬಿಸುವಂಥದ್ದು, ಮನೆಯಲ್ಲಿ ಆಗುವುದಿಲ್ಲ. ಕೆಗ್ ಇದ್ದರೆ ಮಾತ್ರ ಮನೆಯಲ್ಲೇ ಅಂಗಡಿ ಇಟ್ಟ ಹಾಗೆ.

ನೀರು ತಣ್ಣಗಿದ್ದಷ್ಟು ಗ್ಯಾಸ್ ಹಿಡೀತದೆ, ಈ ಕಸುಬಿನಲ್ಲಿ ಮೊದಲು ಕಲಿಯುವ ಪಾಠ ಅದೇ. 4 ಡಿಗ್ರಿಯಲ್ಲಿ ಒತ್ತಡ 10ರಿಂದ 12 ಪಿಎಸ್‌ಐ ಇಟ್ಟರೆ ಎಷ್ಟು ಗ್ಯಾಸ್ ನಿಲ್ತದೋ, 30 ಡಿಗ್ರಿಯಲ್ಲಿ ಅಷ್ಟೇ ನಿಲ್ಲಿಸ್ಲಿಕ್ಕೆ 40 ಬೇಕಾಗ್ತದೆ. ಬಿಸಿ ಕೆಗ್ಗಿಗೆ ಗ್ಯಾಸ್ ಕೊಟ್ಟರೆ ಗ್ಲಾಸಿನಲ್ಲಿ ಬರುವುದು ಬರೀ ನೊರೆ.

ಸಿಲಿಂಡರಿನ ವಿಷಯದಲ್ಲಿ ಜಾಗ್ರತೆ ಬೇಕು. 31 ಡಿಗ್ರಿ ದಾಟಿದ ಮೇಲೆ ಒಳಗಿನ ಕಾರ್ಬನ್ ಡೈಆಕ್ಸೈಡ್ ದ್ರವವಾಗಿ ಇರುವುದೇ ಇಲ್ಲ, ಒತ್ತಡ ಸರ್ರನೆ ಏರ್ತದೆ. ಏಪ್ರಿಲಿನ ನಮ್ಮ ಮಧ್ಯಾಹ್ನ 31ರ ಮೇಲೆಯೇ. ಅಂಗಳದ ಬಿಸಿಲಿಗೆ ಇಡಬಾರದು, ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ ಕಂಬಕ್ಕೆ ಕಟ್ಟಬೇಕು. ರೆಗ್ಯುಲೇಟರ್ ಇಲ್ಲದೆ ಮುಟ್ಟಲೇಬಾರದು. ಮುಚ್ಚಿದ ಉಗ್ರಾಣದಲ್ಲೂ ಬೇಡ, ಸೋರಿದ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ತುಂಬಿಕೊಳ್ತದೆ. ಕೇಳಿ ತೆಗೆದುಕೊಳ್ಳುವಾಗ ಆಹಾರಕ್ಕೆ ಆಗುವ ಗ್ಯಾಸ್ ಅಂತ ಕೇಳಿಯೇ ತೆಗೆದುಕೊಳ್ಳಿ. ವೆಲ್ಡಿಂಗಿನವರದ್ದು ಬೇಡ.

ನೀರ್ಚಾಲಿನ ಅಕ್ಕ · ಮಾರ್ಚ್ 16

ನೀವೆಲ್ಲ ಹೇಳುವುದು ಸರಿಯೇ, ಆದರೆ ರುಚಿಯ ಬಗ್ಗೆ ಯಾರೂ ಮಾತಾಡ್ಲಿಲ್ಲ. ಹುದುಗಿದ ಶುಂಠಿಗೆ ಒಂದು ಹುಳಿ, ಒಂದು ಪರಿಮಳ ಉಂಟು. ಗ್ಯಾಸ್ ತುಂಬಿಸಿದ ಶರಬತ್ತಿಗೆ ಅದು ಬರ್ತದಾ? ನನಗೆ ನಂಬಿಕೆ ಇಲ್ಲ.

ಮುಳ್ಳೇರಿಯ–ಲೀಡ್ಸ್ · ಮಾರ್ಚ್ 17

ಅಕ್ಕ ಹೇಳಿದ್ದರಲ್ಲಿ ಸತ್ಯ ಉಂಟು. ಹಳೇ ಇಂಗ್ಲಿಷ್ ಶುಂಠಿ ಬಿಯರನ್ನು ಮನೆಯಿಂದ ಮನೆಗೆ ಹಂಚಿಕೊಳ್ಳುವ ಒಂದು ಹೆಪ್ಪಿನಿಂದ ಮಾಡ್ತಿದ್ದರು. 1892ರಲ್ಲಿ ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ಸಸ್ಯವಿಜ್ಞಾನಿ ಅದನ್ನು ಪರೀಕ್ಷಿಸಿ, ಅದರಲ್ಲಿ ಯೀಸ್ಟಿನ ಜೊತೆಗೆ ಬ್ಯಾಕ್ಟೀರಿಯವೂ ಒಟ್ಟಿಗೆ ಬದುಕ್ತದೆ ಅಂತ ತೋರಿಸಿದರು. ನೀವು ಹೇಳುವ ಹುಳಿ ಆ ಬ್ಯಾಕ್ಟೀರಿಯದ ಕೆಲಸ. ಕೆಗ್ಗಿನಲ್ಲಿ ಆ ಹುಳಿ ಸಿಗುವುದಿಲ್ಲ, ಒಪ್ಪಿದೆ.

ಆದರೆ ಸೆಕೆಗೆ ಹುದುಗು ಕೈಮೀರಿದರೆ ಪರಿಮಳವೂ ಕೆಡ್ತದೆ. ಬಿಯರಿನ ಮಾಮೂಲಿ ಯೀಸ್ಟಿಗೆ 18ರಿಂದ 22 ಡಿಗ್ರಿ ಹಿತ. 30 ದಾಟಿದರೆ ಗಂಟಲು ಕೆರೆಯುವ ಘಾಟು ಬರ್ತದೆ. ನಾರ್ವೆಯ ರೈತರು ಉಳಿಸಿಕೊಂಡು ಬಂದ ಕ್ವೈಕ್ ಎಂಬ ಯೀಸ್ಟ್ ಮಾತ್ರ 35, 40 ಡಿಗ್ರಿಯಲ್ಲೂ ಚೊಕ್ಕ ಕೆಲಸ ಮಾಡ್ತದೆ. ಅಷ್ಟು ಚಳಿಯ ದೇಶದಲ್ಲಿ ಇಂಥದ್ದು ಉಳಿದು ಬಂದದ್ದು ನನಗೆ ಈಗಲೂ ಆಶ್ಚರ್ಯ.

ಬಾಯಾರು ಸುರಂಗ · ಮಾರ್ಚ್ 17

ನೀರಿನ ಬಗ್ಗೆ ಒಂದು ಮಾತು. ಮುರಕಲ್ಲಿನ ಗುಡ್ಡೆ ಕೊರೆದ ಸುರಂಗದ ನೀರು ತುಂಬ ಮೆದು, ಲವಣ ಕಮ್ಮಿ. ಬಿಯರಿನ ಚರಿತ್ರೆಯಲ್ಲೂ ನೀರೇ ಊರಿನ ಹೆಸರು ಮಾಡಿದ್ದು. ಇಂಗ್ಲೆಂಡಿನ ಬರ್ಟನ್ನಿನ ಜಿಪ್ಸಂ ನೀರಿಗೆ ಪೇಲ್ ಏಲ್ ಎಂಬ ಬಿಯರ್, ಚೆಕ್ ನಾಡಿನ ಪಿಲ್ಸೆನ್ನಿನ ಮೆದು ನೀರಿಗೆ 1842ರ ಪಿಲ್ಸ್ನರ್ ಬಿಯರ್. ಶುಂಠಿಗೂ ಮೆದು ನೀರೇ ಒಳ್ಳೆಯದು, ಖಾರ ಮುಂದೆ ಬರ್ತದೆ. ಬೋರಿನ ನೀರಿನಲ್ಲಿ ಕಬ್ಬಿಣದ ಚೊಗರು ಇದ್ದರೆ ಅದು ಹಾಕಬೇಡಿ. ಪೆರ್ಲದ ಕಡೆಯೂ ಸುರಂಗ ಉಂಟಲ್ಲ, ಬೇಸಿಗೆಗೆ ಬತ್ತದಿದ್ದರೆ ಅದರದ್ದೇ ತೆಗೆದುಕೊಳ್ಳಿ.

ನೀರ್ಚಾಲಿನ ಅಕ್ಕ · ಮಾರ್ಚ್ 17

ಕೆಗ್ಗೇ ಮಾಡುವುದಾದರೆ ರುಚಿ ಕಟ್ಟುವುದು ನಾನು ಹೇಳ್ತೇನೆ, ಬರೆದುಕೋ ತಮ್ಮಾ.

ಲೀಟರಿಗೆ 50 ಗ್ರಾಂ ಶುಂಠಿ, 18 ಲೀಟರಿಗೆ ಒಂದು ಕೆಜಿಗೆ ಸ್ವಲ್ಪ ಕಮ್ಮಿ. ಅರ್ಧ ಪಾಲು ಜಜ್ಜಿ ಕುದಿಸು, ಅರ್ಧ ಪಾಲು ಹಸಿಯೇ ಅರೆದು ಹಿಂಡು. ಕುದಿಸಿದ ಶುಂಠಿ ಮೆತ್ತಗಾಗ್ತದೆ, ಪರಿಮಳ ಮಾತ್ರ ಕೊಡ್ತದೆ. ಮೂಗಿಗೆ ಹತ್ತುವ ಖಾರ ಹಸಿಯದ್ದು. ಹಿಂಡಿದ ರಸವನ್ನು ಒಂದು ಗಂಟೆ ಅಲ್ಲಾಡಿಸದೆ ಇಡು. ಬುಡದಲ್ಲಿ ಸುಣ್ಣದಂಥ ಬಿಳಿ ಪಿಷ್ಟ ಗಟ್ಟಿಯಾಗಿ ಕೂರ್ತದೆ, ಮೇಲಿನ ಹಳದಿ ತಿಳಿ ಮಾತ್ರ ಬಗ್ಗಿಸಿಕೋ. ಆಮೇಲೆ ತೆಳು ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸು.

ಸಕ್ಕರೆ ಒಂದೂವರೆ ಕೆಜಿ ಸಾಕು. ಅದರಲ್ಲಿ ಕಾಲು ಪಾಲು ಬೆಲ್ಲ ಆದರೆ ಬಣ್ಣವೂ ಬರ್ತದೆ. ಲಿಂಬೆ ಗ್ಯಾಸ್ ಕೊಡುವ ದಿನವೇ ಹಿಂಡಬೇಕು, ಹಿಂದಿನ ದಿನ ಹಿಂಡಿದರೆ ಕಹಿ. ಒಳ್ಳೆಮೆಣಸು ಹತ್ತಿಪ್ಪತ್ತು ಕಾಳು ಕಷಾಯಕ್ಕೇ ಹಾಕು, ಉಪ್ಪು ಒಂದು ಚಿಟಿಕೆ. ಹುಳಿಗೆ ಬೇಕಾದರೆ ಒಣ ಪುನರ್ಪುಳಿಯ ಸಿಪ್ಪೆ ಒಂದು ಹಿಡಿ ನೆನೆಸಿ ಆ ನೀರು ಸೇರಿಸು. ಹುದುಗಿನ ಹುಳಿಗೆ ಅದು ಸಮ ಅಲ್ಲ, ಆದರೆ ಬಣ್ಣ ನೋಡಿಯೇ ಮಕ್ಕಳು ಓಡಿ ಬರ್ತಾರೆ.

ಮುಳ್ಳೇರಿಯ–ಲೀಡ್ಸ್ · ಮಾರ್ಚ್ 17

ಅಕ್ಕ, ಆ ಪಿಷ್ಟದ ಮಾತು ಚಿನ್ನದಂಥದ್ದು. ಕೆಗ್ಗಿನ ಒಳಗಿನ ಕೊಳವೆ ತಳಕ್ಕೆ ಮುಟ್ಟಿರ್ತದೆ, ಪಿಷ್ಟ, ನಾರು ಏನಿದ್ದರೂ ಮೊದಲು ಎಳೆಯುವುದು ಅದನ್ನೇ. ವಾಲ್ವ್ ಕಟ್ಟಿಕೊಂಡರೆ 60 ಜನ ಗ್ಲಾಸು ಹಿಡಿದು ನಿಂತಿರುವಾಗ ಬಿಚ್ಚಿ ತೊಳೆಯಬೇಕಾಗ್ತದೆ.

ಪೆರ್ಲದ ತೋಟದವ · ಮಾರ್ಚ್ 20

ಕೆಗ್ ಸಿಕ್ಕಿತು. ಬೆಂಗಳೂರಿನಲ್ಲಿರುವ ಭಾವ ಹಳತೊಂದನ್ನು ಹುಡುಕಿ ಬಸ್ಸಿಗೆ ಹಾಕಿದ್ದಾನೆ. ಸಿಲಿಂಡರ್, ರೆಗ್ಯುಲೇಟರ್ ಕುಂಬಳೆಯಣ್ಣ ಎರಡು ದಿನಕ್ಕೆ ಕೊಡ್ತಾರಂತೆ. ದೊಡ್ಡ ಉಪಕಾರ. ಕೆಗ್ಗಿನ ಒಳಗೆ ಹಳೇ ಕೋಲಾದ ವಾಸನೆ ಉಂಟು, ಎಷ್ಟು ತೊಳೆದರೂ ಹೋಗುವುದಿಲ್ಲ. ಮತ್ತೆ, ಫ್ರಿಜ್ಜಿನಲ್ಲಿ ಹಿಡಿಯುವುದಿಲ್ಲ, ಮೇಲಿನ ತಟ್ಟೆ ತೆಗೆದರೂ ಬಾಗಿಲು ಹಾಕ್ಲಿಕ್ಕಾಗುವುದಿಲ್ಲ.

ಮುಳ್ಳೇರಿಯ–ಲೀಡ್ಸ್ · ಮಾರ್ಚ್ 20

ವಾಸನೆ ಸ್ಟೀಲಿನದ್ದಲ್ಲ, ರಬ್ಬರ್ ವಾಶರಿನದ್ದು. ಮುಚ್ಚಳದ ದೊಡ್ಡ ಬಳೆ, ಪೈಪು ಸಿಕ್ಕಿಸುವ ಎರಡು ಪೋಸ್ಟಿನ ಸಣ್ಣ ಬಳೆ, ಒಳಗಿನ ಕೊಳವೆಗಳದ್ದು, ಎಲ್ಲ ಹೊಸತು ಹಾಕಿ. ತೊಳೆಯುವುದಕ್ಕೆ ಬಿಸಿನೀರು, ವಾಷಿಂಗ್ ಸೋಡಾ, ಆಮೇಲೆ ಮೂರು ನಾಲ್ಕು ಸಲ ಒಳ್ಳೆ ನೀರು. ಬ್ಲೀಚಿಂಗ್ ಪೌಡರ್ ಸ್ಟೀಲಿಗೆ ಬೇಡ.

ಕುಂಬಳೆ ಸೋಡಾ · ಮಾರ್ಚ್ 20

ಫ್ರಿಜ್ಜಿನ ಚಿಂತೆ ಬಿಡಿ ಮಾರಾಯ್ರೇ. ಮೀನಿನವರಿಗೆ ಐಸ್ ಕೊಡುವ ಪ್ಲಾಂಟಿನಿಂದ ಗಡ್ಡೆ ತನ್ನಿ. 18 ಲೀಟರನ್ನು 30ರಿಂದ 4 ಡಿಗ್ರಿಗೆ ಇಳಿಸ್ಲಿಕ್ಕೆ ಲೆಕ್ಕದಲ್ಲಿ 6 ಕೆಜಿ ಐಸ್ ಸಾಕು. ಸೆಕೆಗೆ ಕರಗಿ ಹೋಗುವುದನ್ನೂ ಹಿಡಿದರೆ 20 ಕೆಜಿ ಇರಲಿ. ಆ ಐಸ್ ಹೊರಗೆ ತಂಪು ಮಾಡ್ಲಿಕ್ಕೆ ಮಾತ್ರ, ಗ್ಲಾಸಿಗೆ ಹಾಕಬೇಡಿ. ಅಡಿಗೆಯವರ ಕೊಪ್ಪರಿಗೆಯಲ್ಲಿ ಕೆಗ್ ನಿಲ್ಲಿಸಿ, ಸುತ್ತ ಐಸ್ ಒಡೆದು ಹಾಕಿ, ಕುತ್ತಿಗೆವರೆಗೆ ನೀರು ಬಿಡಿ. ಬರೀ ಐಸ್ ತುಂಡಿಗಿಂತ ಐಸ್ ನೀರು ಬೇಗ ತಂಪು ಮಾಡ್ತದೆ, ಎಲ್ಲ ಕಡೆ ಮುಟ್ಟುವುದಲ್ಲ. ಮೇಲೆ ಗೋಣಿ ಮುಚ್ಚಿ.

ಬದಿಯಡ್ಕ ಹುಡುಗ · ಮಾರ್ಚ್ 21

ಹಾಗಾದರೆ ಬಾಟ್ಲಿಗೆ ಬೆಲೆಯೇ ಇಲ್ವಾ?

ಮುಳ್ಳೇರಿಯ–ಲೀಡ್ಸ್ · ಮಾರ್ಚ್ 21

ಉಂಟು ತಮ್ಮಾ, ಯಾಕಿಲ್ಲ. ಇಲ್ಲಿ ಒಂದು ಸಲಕ್ಕೆ ಮಾಡುವುದು 23 ಲೀಟರ್. ಅರ್ಧ ಲೀಟರಿನ 40ಕ್ಕೂ ಹೆಚ್ಚು ಬಾಟ್ಲಿ ತೊಳೆದು, ತುಂಬಿಸಿ, ಒಂದೊಂದಕ್ಕೂ ಮುಚ್ಚಳ ಒತ್ತಬೇಕು, ಇಡೀ ಸಂಜೆ ಹೋಗ್ತದೆ. ಬ್ಯಾರೆಲ್ ಆದರೆ ಒಂದೇ ಪಾತ್ರೆ. ಆದರೂ ಗಟ್ಟಿ ಬಿಯರನ್ನು ನಾನು ಬಾಟ್ಲಿಗೇ ಹಾಕುವುದು. ಅದು ತಿಂಗಳುಗಟ್ಟಲೆ ಇಟ್ಟಷ್ಟೂ ಹದ ಬರ್ತದೆ, ಹಬ್ಬಕ್ಕೆ ಯಾರ ಮನೆಗಾದರೂ ಹೋಗುವಾಗ ಎರಡು ಕೈಯಲ್ಲಿ ಹಿಡಿದುಕೊಂಡು ಹೋಗಬಹುದು. ಕಂದು ಗಾಜೇ ಆಗಬೇಕು, ಬೆಳಕು ತಾಗಿದರೆ ಹಾಪ್ಸ್ ಕೆಟ್ಟು ದುರ್ನಾತ ಬರ್ತದೆ. ಪ್ಲಾಸ್ಟಿಕ್ ಬ್ಯಾರೆಲ್ಲಿನಲ್ಲಿ ಅರ್ಧ ಖಾಲಿಯಾದ ಮೇಲೆ ಗಾಳಿ ಸೇರಿಕೊಂಡು ರುಚಿ ಇಳೀತದೆ, ಬೇಗ ಮುಗಿಸಬೇಕು. ಒಂದೇ ದಿನ, ಒಂದೇ ಅಂಗಳ, ತುಂಬ ಜನ ಅಂದರೆ ಬ್ಯಾರೆಲ್. ನಿಧಾನಕ್ಕೆ, ಸ್ವಲ್ಪ ಸ್ವಲ್ಪ, ಹಂಚಿಕೊಂಡು ಕುಡಿಯುವುದಕ್ಕೆ ಬಾಟ್ಲಿ. ನಮ್ಮೂರಿನ ಏಪ್ರಿಲಿಗೆ, ಸಿಹಿ ಉಳಿಯುವ ಪಾನೀಯಕ್ಕೆ, ನನ್ನ ಮಟ್ಟಿಗೆ ಎರಡನೇ ಮಾತಿಲ್ಲ.

ಪೆರ್ಲದ ತೋಟದವ · ಏಪ್ರಿಲ್ 17

ಬಿಸು ಚಂದಕ್ಕೆ ಕಳೆಯಿತು. ಎಲ್ಲರೂ ಸಹಾಯ ಮಾಡಿದ್ದೀರಿ, ಹೇಳದಿದ್ದರೆ ತಪ್ಪಾಗ್ತದೆ.

ಹಿಂದಿನ ದಿನ ಮಧ್ಯಾಹ್ನ ತುಂಬಿಸಿ ಕೊಪ್ಪರಿಗೆಗೆ ಇಳಿಸಿದೆವು. ಸಂಜೆಗೆ ಕೆಗ್ಗಿನ ಮೈ ಕೈಯಿಡ್ಲಿಕ್ಕಾಗದಷ್ಟು ತಣ್ಣಗಾಯಿತು. 30 ಪಿಎಸ್‌ಐ ಕೊಟ್ಟು, ಭಾವ ಮತ್ತು ನಾನು ಆಚೆ ಈಚೆ ಹಿಡಿದು ಕೆಗ್ಗನ್ನು ತೂಗಿದೆವು. ಒಳಗೆ ಗ್ಯಾಸ್ ಹೀರಿಕೊಳ್ಳುವ ಸದ್ದು ಕೇಳ್ತಾ ಇತ್ತು, ಸದ್ದು ನಿಂತ ಮೇಲೆ 12ಕ್ಕೆ ಇಳಿಸಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ದೇವರೆದುರು ಇಟ್ಟ ಬಿಸು ಕಣಿ ನೋಡಿ, ಹಿರಿಯರಿಗೆ ನಮಸ್ಕಾರ ಮಾಡಿ ಆದ ಮೇಲೆ ಮೊದಲ ಗ್ಲಾಸು ಅಜ್ಜಿಗೆ ಕೊಟ್ಟದ್ದು. ಮೂಗಿಗೆ ಹತ್ತಿ ಸೀನಿದರು, ಇನ್ನೊಂದು ಗ್ಲಾಸು ಕೇಳಿದರು. ಊಟಕ್ಕೆ ಎಲೆ ಹಾಕುವ ಮೊದಲೇ ಕೆಗ್ ಖಾಲಿ. ಪುನರ್ಪುಳಿ ಹಾಕಿದ್ದು ಎಲ್ಲರಿಗೂ ಹಿಡಿಸಿತು.

ಶುರುವಿನಲ್ಲಿ ನೊರೆ ಜಾಸ್ತಿ ಬರ್ತಿತ್ತು. ಮುಂದಿನ ಸಲಕ್ಕೆ ಏನು ಮಾಡಬಹುದು?

ಕುಂಬಳೆ ಸೋಡಾ · ಏಪ್ರಿಲ್ 17

ಪೈಪು ಗಿಡ್ಡ ಆಯ್ತು. ಸಪೂರದ ಪೈಪು, ಎರಡು ಮೂರು ಮೀಟರ್ ಉದ್ದದ್ದು ಹಾಕಿ, ಅದನ್ನೂ ಸುರುಳಿ ಸುತ್ತಿ ಐಸಿನಲ್ಲೇ ಇಡಿ. ಕೊಡುವ ಹೊತ್ತಿಗೆ ಒತ್ತಡ 5ಕ್ಕೆ ಇಳಿಸಿ, ಗ್ಲಾಸು ಓರೆ ಹಿಡಿಯಿರಿ.

ಮುಳ್ಳೇರಿಯ–ಲೀಡ್ಸ್ · ಏಪ್ರಿಲ್ 17

ಕೇಳಿ ಖುಷಿಯಾಯಿತು. ಈಗಲೇ ತೊಳೆದಿಡಿ, ಸಕ್ಕರೆ ಒಳಗೆ ಒಣಗಲು ಬಿಡಬೇಡಿ. ಮುಚ್ಚಳ ತೆಗೆಯುವ ಮೊದಲು ಮೇಲಿನ ವಾಲ್ವ್ ಎತ್ತಿ ಗ್ಯಾಸ್ ಪೂರ್ತಿ ಬಿಡಬೇಕು. ಖಾಲಿ ಕೆಗ್ಗಿನಲ್ಲೂ ಒತ್ತಡ ಉಳಿದಿರ್ತದೆ. ಶುಂಠಿಯ ವಾಸನೆ ವಾಶರಿಗೆ ಹಿಡಿದಿರ್ತದೆ, ಆ ಸೆಟ್ಟನ್ನು ಶುಂಠಿಗೇ ಅಂತ ಬೇರೆ ಕಟ್ಟಿ ಇಡಿ. ಬರೀ ಲಿಂಬೆ ಸೋಡಾ ಮಾಡುವುದಾದರೆ ಹೊಸ ಸೆಟ್ಟು ಹಾಕಿ.